ಕಾಡ್ಗಿಚ್ಚನ್ನು ಕಟಕಟೆಗೆ ತಂದ ನ್ಯಾಯಾಧೀಶ

1939ರ ಜನವರಿ 13, ಶುಕ್ರವಾರ. ಆಸ್ಟ್ರೇಲಿಯದ ಆಗ್ನೇಯ ಭಾಗದಲ್ಲಿರುವ ವಿಕ್ಟೋರಿಯ ರಾಜ್ಯದ ರಾಜಧಾನಿ ಮೆಲ್ಬರ್ನ್‌ನಲ್ಲಿ ಅಂದು ಉಷ್ಣಾಂಶ 45.6 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಮುಂದಿನ 70 ವರ್ಷ ಆ ನಗರದಲ್ಲಿ ಯಾವ ಬೇಸಗೆಯೂ ಆ ದಾಖಲೆಯನ್ನು ಅಳಿಸಲಿಲ್ಲ. ಮಳೆ ಕಾಣದೆ ಒಣಗಿದ್ದ ಬೆಟ್ಟಗಾಡುಗಳಲ್ಲಿ ದಿನಗಳಿಂದ ಅಲ್ಲಲ್ಲಿ ಹೊಗೆಯಾಡುತ್ತಿದ್ದ ಬೆಂಕಿಗಳನ್ನು ಉತ್ತರದ ಬಿರುಗಾಳಿ ಒಂದುಗೂಡಿಸಿತು. ನಾರ್ಬೆಥಾಂಗ್, ನೂಜಿ, ವುಡ್ಸ್ ಪಾಯಿಂಟ್ ಮುಂತಾದ ಊರುಗಳು ಹೇಳಹೆಸರಿಲ್ಲದಂತಾದವು. ಆ ಬೇಸಗೆಯ ಕಾಡ್ಗಿಚ್ಚುಗಳಲ್ಲಿ ಒಟ್ಟು 71 ಮಂದಿ ಸತ್ತರು. ಸುಮಾರು 20 ಲಕ್ಷ ಹೆಕ್ಟೇರ್ ಪ್ರದೇಶ ಸುಟ್ಟಿತು. 69 ಸಾಮಿಲ್ಲುಗಳು ಬೂದಿಯಾದವು. ಗಾಳಿಯಲ್ಲಿ ತೇಲಿದ ಬೂದಿ ಸಮುದ್ರ ದಾಟಿ ನ್ಯೂಜಿಲೆಂಡಿನವರೆಗೂ ಹೋಗಿ ಬಿದ್ದಿತು. ಆಸ್ಟ್ರೇಲಿಯನ್ನರು ಆ ದಿನವನ್ನು ಇಂದಿಗೂ ಕಪ್ಪು ಶುಕ್ರವಾರ ಎಂದೇ ಕರೆಯುತ್ತಾರೆ.

ತಿಂಗಳು ಮುಗಿಯುವುದರೊಳಗೆ ರಾಜ್ಯ ಸರ್ಕಾರ ರಾಯಲ್ ಕಮಿಷನ್ ಒಂದನ್ನು ನೇಮಿಸಿತು. ಬೆಂಕಿ ಹೇಗೆ ಹೊತ್ತಿತು, ಹರಡದಂತೆ ಮೊದಲೇ ಏನು ಮಾಡಬಹುದಿತ್ತು, ಕಾಡಂಚಿನ ಜನರ ಪ್ರಾಣ ಮತ್ತು ಮನೆಮಠಗಳನ್ನು ಮುಂದೆ ಉಳಿಸುವುದು ಹೇಗೆ ಎಂಬುದನ್ನು ಅದು ಹೇಳಬೇಕಿತ್ತು. ಈ ಹೊಣೆ ಬಿದ್ದದ್ದು ಏಕಸದಸ್ಯ ಆಯೋಗದ ಮೇಲೆ. ಆ ಸದಸ್ಯರೇ 45 ವರ್ಷದ ನ್ಯಾಯಾಧೀಶ ಲಿಯೊನಾರ್ಡ್ ಎಡ್ವರ್ಡ್ ಬಿಷಪ್ ಸ್ಟ್ರೆಟನ್.

ಸ್ಟ್ರೆಟನ್ ಹುಟ್ಟಿದ್ದು 1893ರಲ್ಲಿ, ಮೆಲ್ಬರ್ನ್‌ನ ಬ್ರನ್ಸ್‌ವಿಕ್ ಬಡಾವಣೆಯಲ್ಲಿ. ಕಾನೂನು ಓದಿ ವಕೀಲರಾಗಿ, 1937ರಲ್ಲಿ ಕೌಂಟಿ ನ್ಯಾಯಾಲಯದ ನ್ಯಾಯಾಧೀಶರಾದರು. ಅರಣ್ಯಶಾಸ್ತ್ರ ಅವರ ವಿಷಯವಲ್ಲ. ಕಟಕಟೆಯಲ್ಲಿ ನಿಂತವರ ಬಗ್ಗೆ ಮರುಕವೂ ಅಧಿಕಾರಸ್ಥರ ಬಗ್ಗೆ ಮೊನಚು ಮಾತೂ ಇದ್ದ ನ್ಯಾಯಾಧೀಶರೆಂದು ಅವರಿಗೆ ಹೆಸರಿತ್ತು. ಕಾಡಿನ ವಿಚಾರದಲ್ಲಿ ತಜ್ಞರಾಗಿರದಿದ್ದುದೇ ಬಹುಶಃ ಅನುಕೂಲವಾಯಿತು. ತಜ್ಞರೆನಿಸಿಕೊಂಡವರೆಲ್ಲ ಅಂದು ಒಂದಲ್ಲ ಒಂದು ಇಲಾಖೆಯ ಕಡೆಯವರಾಗಿದ್ದರು.

ಆಯೋಗ ಮೆಲ್ಬರ್ನ್‌ನಲ್ಲೇ ಕುಳಿತು ಸಾಕ್ಷಿಗಳನ್ನು ಕರೆಸಿಕೊಳ್ಳಲಿಲ್ಲ. ಹೀಲ್ಸ್‌ವಿಲ್ ಎಂಬ ಬೆಟ್ಟದ ತಪ್ಪಲಿನ ಊರಿನಲ್ಲಿ ವಿಚಾರಣೆ ಆರಂಭಿಸಿ, ಸುಟ್ಟ ಸೀಮೆಯ ಊರೂರಿಗೂ ಹೋಯಿತು. ಆ ಬೆಟ್ಟಗಳ ಮುಖ್ಯ ಮರ ಮೌಂಟನ್ ಆ್ಯಶ್. ನಮ್ಮಲ್ಲಿ ನೀಲಗಿರಿ ಎಂದು ಕರೆಯುವ ಮರದ ಕುಲದ್ದೇ ಇದು. ಹೂಬಿಡುವ ಮರಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರ ಬೆಳೆಯುವ ಜಾತಿ. ಇದರ ತೊಗಟೆ ಉದ್ದುದ್ದ ಪಟ್ಟಿಗಳಾಗಿ ಸುಲಿದು ಕಾಂಡಕ್ಕೆ ನೇತಾಡುತ್ತದೆ. ಬೇಸಗೆಯಲ್ಲಿ ಬುಡದ ಸುತ್ತ ಒಣ ತೊಗಟೆ, ತರಗೆಲೆ, ಪುರಲೆಗಳ ರಾಶಿ ಬೀಳುತ್ತದೆ. ಬೆಂಕಿ ಬಿದ್ದಾಗ ಹೊತ್ತಿದ ತೊಗಟೆ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹಾರಿ ಹೋಗಿ ಇನ್ನೊಂದು ಗುಡ್ಡದಲ್ಲಿ ಹೊಸ ಬೆಂಕಿ ಹಚ್ಚುತ್ತದೆ. ಬೆಂಕಿ ದೂರದಲ್ಲಿದೆ ಎಂದು ಮನೆಯವರು ನೆಮ್ಮದಿಯಿಂದಿರುವಾಗಲೇ ಕಿಡಿ ಅವರ ಸೂರಿಗೆ ಬಂದು ಬಿದ್ದಿರುತ್ತದೆ.

ಇಂಥ ಕಾಡಿನ ಒಡಲೊಳಗೇ ಸಾಮಿಲ್ಲುಗಳಿದ್ದವು. ಮರ ಬೀಳುವ ಜಾಗದಲ್ಲೇ ಗರಗಸ, ಅದರ ಪಕ್ಕದಲ್ಲೇ ಕೂಲಿಕಾರರ ಮರದ ಮನೆಗಳು, ಹೆಂಗಸರು ಮಕ್ಕಳು. ಕೊಯ್ದು ಬಿಸಾಡಿದ ಕೊಂಬೆ, ಸಿಪ್ಪೆ, ಗುಡ್ಡೆಗುಡ್ಡೆ ಮರದ ಪುಡಿ ಅಂಗಳದಲ್ಲೇ ಬಿದ್ದಿರುತ್ತಿದ್ದವು. ಸುತ್ತಲಿನ ಮರ ಮತ್ತು ಕುರುಚಲು ಗೋಡೆಗೆ ತಾಗುವಂತಿದ್ದವು. ಹೊರಹೋಗಲು ಇದ್ದದ್ದು ಕಾಡಿನ ನಡುವಿನ ಒಂದೇ ದಾರಿ. ಮ್ಯಾಟ್ಲಾಕ್ ಬಳಿಯ ಒಂದು ಸಾಮಿಲ್ಲಿನಲ್ಲಿ 15 ಮಂದಿ ಸತ್ತು, ಒದ್ದೆ ಕಂಬಳಿ ಹೊದ್ದ ಒಬ್ಬನೇ ಒಬ್ಬ ಬದುಕಿ ಉಳಿದ. ಕೆಲವು ಸಾಮಿಲ್ಲುಗಳಲ್ಲಿ ನೆಲ ಅಗೆದು ಮಣ್ಣು ಮುಚ್ಚಿದ ಅಡಗುದಾಣಗಳಿದ್ದವು. ಅವು ಹಲವರನ್ನು ಉಳಿಸಿದವು. ಆದರೆ ಒಳಹೊಕ್ಕವರೆಲ್ಲ ಜೀವಂತ ಹೊರಬರಲಿಲ್ಲ. ಅಡಗುದಾಣ ತೋಡುವ ಖರ್ಚು ಯಾರದು ಎಂಬ ಚರ್ಚೆಯಲ್ಲೇ ಕಾಲ ಕಳೆದು ಏನನ್ನೂ ತೋಡದೆ ಉಳಿದ ಸಾಮಿಲ್ಲುಗಳೂ ಇದ್ದವು.

ಸಾಕ್ಷ್ಯ ಬೆಳೆಯುತ್ತ ಹೋಯಿತು. ಆದರೆ ಸತ್ಯ ಸುಲಭವಾಗಿ ಹೊರಬರಲಿಲ್ಲ. ಕಂಡದ್ದನ್ನು ಹೇಳಿದರೆ ಮುಂದೆ ಯಾವ ಸಾಮಿಲ್ಲಿನಲ್ಲೂ ಕೆಲಸ ಸಿಗದೆಂದು ಕೂಲಿಕಾರರು ಹೆದರಿದ್ದರು. ಬಾಯಿಬಿಟ್ಟರೆ ಬಡ್ತಿ ತಪ್ಪುತ್ತದೆಂದು ಅರಣ್ಯ ಇಲಾಖೆಯ ಕಿರಿಯ ಅಧಿಕಾರಿಗಳು ಹೆದರಿದ್ದರು. ದನಕುರಿ ಮೇಯಿಸುವವರು ಹೊಸ ಹುಲ್ಲಿಗಾಗಿ ಕಾಡಿಗೆ ಬೆಂಕಿಯಿಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಚ್ಚಿದವರನ್ನು ಕಂಡೆ ಎನ್ನುವವರು ಮಾತ್ರ ವಿರಳ. ಸಾಕ್ಷ್ಯದ ಬಹುಭಾಗ ಸ್ವಹಿತದ ಬಣ್ಣ ಬಳಿದುಕೊಂಡದ್ದೆಂದು ಸ್ಟ್ರೆಟನ್ ತಮ್ಮ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಸಾಕ್ಷಿಕಟ್ಟೆಯಲ್ಲಿ ದೊರೆಯದ ಸತ್ಯವನ್ನು ಹೊರಗೆ ಹುಡುಕಿದ್ದನ್ನೂ ಅವರು ಒಪ್ಪಿಕೊಂಡರು.

ಅವರ ಎದುರು ನಿಂತ ಬಹುಮುಖ್ಯ ಪ್ರಶ್ನೆ ಕೇಳಲು ಸಣ್ಣದು. ಕಾಡಂಚಿನಲ್ಲಿ ಮನೆ ಮಾಡಿಕೊಂಡ ರೈತನೊಬ್ಬ ತನ್ನ ಮನೆಯ ಸುತ್ತಲಿನ ಕುರುಚಲನ್ನು ಸವರಿ ಸುಡಬಹುದೇ? ನೆರೆಯ ಜಾಗ ಸರ್ಕಾರಿ ಅರಣ್ಯವಾಗಿದ್ದರೆ ಅಲ್ಲಿನ ಪೊದೆ ತೆರವು ಮಾಡಬೇಕಾದವರು ಯಾರು? ಬೇಸಗೆಯಲ್ಲಿ ಬೆಂಕಿ ಹಚ್ಚಲು ಅನುಮತಿ ಬೇಕಿತ್ತು, ಅನುಮತಿ ಸುಲಭವಾಗಿ ಸಿಗುತ್ತಿರಲಿಲ್ಲ. ಕಾಡು ತೇವವಾಗಿದ್ದಾಗ ಸುಟ್ಟರೆ ಹತ್ತುವುದಿಲ್ಲ. ಹತ್ತುವಷ್ಟು ಒಣಗಿದಾಗ ಸುಟ್ಟರೆ ಅಪರಾಧ. ಹೀಗಾಗಿ ಜನ ಕದ್ದು ಸುಡುತ್ತಿದ್ದರು. ಹಗಲಿನಲ್ಲಿ ನೆರೆಹೊರೆಯವರನ್ನು ಕರೆದು, ಸುತ್ತ ಬೆಂಕಿರೇಖೆ ಸವರಿ, ನೀರಿಟ್ಟುಕೊಂಡು ಮಾಡಬೇಕಾದ ಕೆಲಸವನ್ನು ಒಬ್ಬೊಬ್ಬರೇ ಬೆಂಕಿಕಡ್ಡಿ ಗೀರಿ ಓಡಿಹೋಗುವ ಮಟ್ಟಕ್ಕೆ ತಂದಿದ್ದು ಕಾನೂನೇ. ತನ್ನ ಮನೆ ಉಳಿಸಿಕೊಳ್ಳಲು ಒಬ್ಬ ಹಚ್ಚಿದ ಬೆಂಕಿ ನಾಲ್ಕು ಗುಡ್ಡ ದಾಟಿ ಇನ್ನೊಬ್ಬನ ಮನೆ ಸುಡುತ್ತಿತ್ತು.

ಇತ್ತ ಇಲಾಖೆಗಳದು ಬೇರೆಯೇ ಕಥೆ. ರಾಜ್ಯದ ಅರಣ್ಯ ಆಯೋಗಕ್ಕೆ ಮರ ಉಳಿಯಬೇಕಿತ್ತು, ಮೆಲ್ಬರ್ನ್‌ಗೆ ನೀರು ಪೂರೈಸುವ ಮಂಡಳಿಗೆ ಜಲಾನಯನ ಪ್ರದೇಶ ಉಳಿಯಬೇಕಿತ್ತು. ಕಾಡನ್ನು ಸುಡದೆ ದೀರ್ಘಕಾಲ ಬಿಟ್ಟರೆ ಅದು ತಾನೇ ತೇವಗೊಂಡು ಬೆಂಕಿಗೆ ಬಗ್ಗದಂತಾಗುತ್ತದೆ, ಸುಟ್ಟಷ್ಟೂ ಕುರುಚಲು ದಟ್ಟವಾಗುತ್ತದೆ ಎಂಬುದು ಮಂಡಳಿಯ ಎಂಜಿನಿಯರರ ವಾದ. ಇದು ಹುರುಳಿಲ್ಲದ ವಾದವೇನಲ್ಲ. ಮೌಂಟನ್ ಆ್ಯಶ್ ಕಾಡಿನ ಮಟ್ಟಿಗೆ ಇಂದಿನ ಪರಿಸರ ವಿಜ್ಞಾನಿಗಳಲ್ಲೂ ಅದನ್ನು ಎತ್ತಿಹಿಡಿಯುವವರಿದ್ದಾರೆ. ಬಿಳಿಯರು ಬಂದಾಗ ಅನೇಕ ಕಡೆ ಕಾಡಿನ ನೆಲ ಪೊದೆಯಿಲ್ಲದೆ ತೆರೆದಿತ್ತು ಎಂಬುದು ಎದುರು ಪಕ್ಷದವರ ಮಾತು. ಅದರ ಹಿಂದೆ ಮೂಲನಿವಾಸಿಗಳು ಸಾವಿರಾರು ವರ್ಷ ನಡೆಸಿಕೊಂಡು ಬಂದ ಹದವಾದ ಸುಡುವಿಕೆ ಇತ್ತೆಂಬುದನ್ನು ಅಂದಿನವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎಲ್ಲ ಕೇಳಿದ ಸ್ಟ್ರೆಟನ್ ಅದೇ ವರ್ಷದ ಮೇ ತಿಂಗಳಲ್ಲಿ ವರದಿ ಒಪ್ಪಿಸಿದರು. ಬೆಂಕಿಗೆ ಬಿಸಿಲನ್ನೂ ಗಾಳಿಯನ್ನೂ ದೂರಿ ಕೈತೊಳೆದುಕೊಳ್ಳುವಂತಿಲ್ಲ, ಹಚ್ಚಿದ್ದು ಮನುಷ್ಯರೇ ಎಂಬುದು ಅವರ ತೀರ್ಮಾನ. ಆದರೆ ಅದನ್ನು ಯಾವನೋ ಒಬ್ಬ ಕೂಲಿಯ ತಲೆಗೆ ಕಟ್ಟಿ ಅವರು ಸುಮ್ಮನಾಗಲಿಲ್ಲ. ಅಪಾಯ ಕಣ್ಣೆದುರಿಗಿದ್ದರೂ ಇಡೀ ಸಮಾಜ ತೋರಿದ ಅಸಡ್ಡೆಯನ್ನೇ ಹೊಣೆಯಾಗಿಸಿದರು. ಹದವಾದ ಕಾಲದಲ್ಲಿ, ಅಧಿಕೃತವಾಗಿ, ನಿಯಂತ್ರಣದಲ್ಲಿಟ್ಟುಕೊಂಡು ಕುರುಚಲು ಸುಡುವುದಕ್ಕೆ ವರದಿ ಸಮ್ಮತಿ ನೀಡಿತು. ಬೆಂಕಿರೇಖೆಗಳು, ಕಾಡಿನೊಳಗೆ ಓಡಾಡುವ ದಾರಿಗಳು, ಕಾವಲು ಗೋಪುರಗಳು, ಸಾಮಿಲ್ಲುಗಳಲ್ಲಿ ಅಡಗುದಾಣ, ನೀರಿನ ಸಂಗ್ರಹ ಬೇಕೆಂದಿತು. ಇಲಾಖೆಗಳ ಕಚ್ಚಾಟದ ಮೇಲೆ ಒಂದು ಅಗ್ನಿ ಪ್ರಾಧಿಕಾರ ಇರಬೇಕೆಂದಿತು.

ವರದಿಯ ಬರಹದ ಸೊಗಸು ಬೇರೆ. ಸರ್ಕಾರಿ ಕಾಗದಪತ್ರ ಹೀಗೂ ಇರಬಹುದೇ ಎಂದು ಓದಿದವರು ಬೆರಗಾದರು. ಅದರ ಭಾಗಗಳು ಶಾಲಾ ಮಕ್ಕಳ ಇಂಗ್ಲಿಷ್ ಪಠ್ಯಕ್ಕೂ ಹೋದವು. ಓದಿ ಮೆಚ್ಚಿದಷ್ಟು ಬೇಗ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ ಎಂಬುದು ಬೇರೆ ಮಾತು. ಸರ್ಕಾರಿ ಅರಣ್ಯ ಆಯೋಗದ ಅಧಿಕಾರವನ್ನು 1939ರಲ್ಲೇ ಹಿಗ್ಗಿಸಿ, ರಾಜ್ಯದ ಎಲ್ಲ ಸರ್ಕಾರಿ ಕಾಡುಗಳ ಬೆಂಕಿ ಹೊಣೆಯನ್ನು ಅದಕ್ಕೆ ವಹಿಸಲಾಯಿತು. ಹಳ್ಳಿಗಾಡಿನ ಖಾಸಗಿ ಜಮೀನು, ಮನೆಗಳ ಪಾಲಿಗೆ ಬೇಕಿದ್ದ ಪ್ರಾಧಿಕಾರ ಮಾತ್ರ ಕಡತದಲ್ಲೇ ಉಳಿಯಿತು. ಅಷ್ಟರಲ್ಲಿ ಮಹಾಯುದ್ಧ ಬಂದಿತ್ತು.

ಐದೇ ವರ್ಷಕ್ಕೆ ಬೆಂಕಿ ಮರಳಿತು. 1943ರ ಡಿಸೆಂಬರ್ 22ರಂದು ವಾಂಗರಟ್ಟ ಸಮೀಪ ಹುಲ್ಲುಗಾವಲಿನ ಬೆಂಕಿ ಆರಿಸಲು ಹೋದ 10 ಸ್ವಯಂಸೇವಕರು ಸತ್ತರು. 1944ರ ಫೆಬ್ರುವರಿ 14ರಂದು ಯಾಲ್ಲೋರ್ನ್‌ನ ಕಲ್ಲಿದ್ದಲ ತೆರೆದ ಗಣಿಗೇ ಬೆಂಕಿ ಹೊಕ್ಕಿತು. ಮೆಲ್ಬರ್ನ್‌ಗೆ ವಿದ್ಯುತ್ ಬರುತ್ತಿದ್ದುದು ಅಲ್ಲಿಂದಲೇ, ಅದೂ ಯುದ್ಧಕಾಲ. ಮತ್ತೆ ವಿಚಾರಣಾ ಆಯೋಗ. ಮತ್ತೆ ಅದೇ ಸ್ಟ್ರೆಟನ್.

ಯಾಲ್ಲೋರ್ನ್ ಸಾಮಿಲ್ಲಿನ ಕೇರಿಯಂತಿರಲಿಲ್ಲ. ರಾಜ್ಯದ ವಿದ್ಯುತ್ ಆಯೋಗ ತನ್ನ ನೌಕರರಿಗಾಗಿ ನಕ್ಷೆ ಹಾಕಿ ಕಟ್ಟಿಸಿದ ಉದ್ಯಾನನಗರಿ ಅದು. ಸಾಲುಮರ, ಹೂದೋಟ, ಹುಲ್ಲುಹಾಸು, ಯಾವುದಕ್ಕೂ ಕೊರತೆಯಿರಲಿಲ್ಲ. ಗಣಿ ಮತ್ತು ಊರಿನ ಸುತ್ತ ಬೆಳೆದದ್ದು ಬೆಂಕಿಗೆ ಆಹಾರವಾದೀತೆಂಬ ಯೋಚನೆ ಯಾರಿಗೂ ಬಂದಂತಿರಲಿಲ್ಲ. ಸ್ಟ್ರೆಟನ್‌ರ ಕಣ್ಣು ಇನ್ನೊಂದು ಕೊರತೆಯ ಮೇಲೂ ಬಿತ್ತು. ಮನೆಯೂ ಬೀದಿಯೂ ಆಯೋಗದ ಸ್ವತ್ತಾಗಿದ್ದ ಆ ಊರಿನಲ್ಲಿ ನಿವಾಸಿಗಳಿಗೆ ತಮ್ಮ ಊರನ್ನು ತಾವೇ ನಡೆಸಿಕೊಳ್ಳುವ ಅಧಿಕಾರವಿರಲಿಲ್ಲ. ಅಧಿಕಾರವಿಲ್ಲದ ಕಡೆ ಹೊಣೆಗಾರಿಕೆ ಬೆಳೆಯುವುದು ಹೇಗೆ ಎಂಬುದು ಅವರ ವರದಿಯಲ್ಲಿ ಮೊಳಗಿದ ಧಾಟಿ. (ಆ ಉದ್ಯಾನನಗರಿ ಈಗಿಲ್ಲ. ಅದರಡಿಯ ಕಲ್ಲಿದ್ದಲಿಗಾಗಿ ವಿದ್ಯುತ್ ಆಯೋಗವೇ ಮುಂದೆ ಊರನ್ನು ಕೆಡವಿತು.)

ಈ ಎರಡನೆಯ ಪೆಟ್ಟಿನ ನಂತರವೇ ಕಾನೂನು ಬಂದಿತು. 1944ರ ಕೊನೆಗೆ ಅಂಗೀಕಾರವಾಗಿ 1945ರಲ್ಲಿ ಕೆಲಸ ಆರಂಭಿಸಿದ ಗ್ರಾಮಾಂತರ ಅಗ್ನಿ ಪ್ರಾಧಿಕಾರ, ಹಳ್ಳಿಹಳ್ಳಿಯ ಸ್ವಯಂಸೇವಕ ತಂಡಗಳನ್ನು ಒಂದೇ ಸೂರಿನಡಿ ತಂದಿತು. ಅದು ಇಂದಿಗೂ ಇದೆ. ಸಾಮಿಲ್ಲುಗಳು ಕ್ರಮೇಣ ಕಾಡಿನೊಳಗಿಂದ ಊರುಗಳಿಗೆ ಸ್ಥಳಾಂತರಗೊಂಡವು.

1946ರಲ್ಲಿ ಸ್ಟ್ರೆಟನ್‌ಗೆ ಮೂರನೆಯ ಬಾರಿ ಕಾಡಿನ ಕರೆ ಬಂದಿತು. ಈ ಸಲ ವಿಷಯ, ಅರಣ್ಯದಲ್ಲಿ ಜಾನುವಾರು ಮೇಯಿಸುವುದು. ಕಾಡು, ಮಣ್ಣು, ನೀರು ಮೂರನ್ನೂ ಬಿಡಿಸಿ ನೋಡಲಾಗದೆಂದು ಅವರು ಆ ವರದಿಯಲ್ಲಿ ವಾದಿಸಿದರು. ಪರಿಸರ ಎಂಬ ಮಾತು ಇನ್ನೂ ಬಾಯಿಗೆ ಬಂದಿರದ ಕಾಲದಲ್ಲಿ ನ್ಯಾಯಾಧೀಶರೊಬ್ಬರು ಅಲ್ಲಿಗೆ ತಲುಪಿದ್ದು ಸಣ್ಣ ಸಂಗತಿಯಲ್ಲ.

ಸ್ಟ್ರೆಟನ್ 1967ರಲ್ಲಿ ತೀರಿಕೊಂಡರು. ಅವರ ಮಗ ಹ್ಯೂ ಸ್ಟ್ರೆಟನ್ ಇತಿಹಾಸಕಾರರಾಗಿ, ಆಸ್ಟ್ರೇಲಿಯದ ನಗರಗಳ ಕುರಿತು 1970ರಲ್ಲಿ ಬರೆದ ಪುಸ್ತಕದಿಂದ ಖ್ಯಾತರಾದರು. ತಂದೆ ಕಾಡಿನ ಮನೆಗಳ ಬಗ್ಗೆ ಬರೆದರೆ ಮಗ ಊರಿನ ಮನೆಗಳ ಬಗ್ಗೆ, ಅವುಗಳ ಹಿತ್ತಿಲಿನ ಬಗ್ಗೆ ಬರೆದರು.

ಬೆಂಕಿ ನಿಲ್ಲಲಿಲ್ಲ. 1983ರ ಫೆಬ್ರುವರಿ 16ರಂದು ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯಗಳಲ್ಲಿ 75 ಮಂದಿ ಸತ್ತರು. ಸುಟ್ಟ ಮನೆಗಳನ್ನು ಆ ಬಳಿಕ ಒಂದೊಂದಾಗಿ ಪರೀಕ್ಷಿಸಿದ ಸಂಶೋಧಕರು ಕಂಡದ್ದು, ಹೆಚ್ಚಿನವು ಹೊತ್ತಿದ್ದು ಎದುರಿನಿಂದ ಬಂದ ಜ್ವಾಲೆಯ ಗೋಡೆಯಿಂದಲ್ಲ, ಕಿಡಿಗಳಿಂದ ಎಂಬುದನ್ನು. ಸೂರಿನ ದೋಣಿಯಲ್ಲಿ ತುಂಬಿದ ಎಲೆ, ಜಗಲಿಯ ಕೆಳಗಿನ ಕಸ, ಕಿಟಕಿಗೆ ತಾಗಿ ಬೆಳೆದ ಪೊದೆ, ಗೋಡೆಗೊರಗಿಸಿದ ಸೌದೆ ಇವೇ ಕಿಡಿಗೆ ಮನೆಯ ಬಾಗಿಲು ತೆರೆಯುತ್ತಿದ್ದವು. ಗುಡ್ಡವನ್ನೆಲ್ಲ ಬೋಳು ಮಾಡಬೇಕಾಗಿಲ್ಲ. ಗೋಡೆಯಿಂದಾಚೆಗಿನ ಕೆಲವೇ ಮಾರು ನೆಲ ಹೇಗಿದೆ ಎಂಬುದು ಮನೆಯ ಹಣೆಬರಹವನ್ನು ನಿರ್ಧರಿಸುತ್ತಿತ್ತು. ಸಾಮಿಲ್ಲಿನ ಅಂಗಳದ ಮರದ ಪುಡಿಯ ರಾಶಿಯೇ ಇಲ್ಲಿ ಬೇರೆ ರೂಪದಲ್ಲಿತ್ತು.

2009ರ ಫೆಬ್ರುವರಿ 7ರ ಶನಿವಾರ ಮೆಲ್ಬರ್ನ್‌ನ ಉಷ್ಣಾಂಶ 46.4 ಡಿಗ್ರಿಗೇರಿ 1939ರ ದಾಖಲೆ ಮುರಿಯಿತು. 173 ಮಂದಿ ಸತ್ತರು, 2,000ಕ್ಕೂ ಹೆಚ್ಚು ಮನೆಗಳು ನಾಶವಾದವು. 1939ರಲ್ಲಿ ಅಳಿದು ಮತ್ತೆ ಎದ್ದಿದ್ದ ನಾರ್ಬೆಥಾಂಗ್ ಮತ್ತೊಮ್ಮೆ ಸುಟ್ಟಿತು. ಇನ್ನೊಂದು ರಾಯಲ್ ಕಮಿಷನ್ ನೇಮಕವಾಗಿ, ಸ್ಟ್ರೆಟನ್ ವರದಿಯನ್ನು ಕಪಾಟಿನಿಂದ ಮತ್ತೆ ಹೊರತೆಗೆಯಲಾಯಿತು. ಮರಗಿಡ ಕಡಿಯಲು ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕೆಂಬ ನಿಯಮದಿಂದ ಮನೆಯ ಸುತ್ತ ತೆರವು ಮಾಡಲಾಗಲಿಲ್ಲ ಎಂಬ ದೂರು ಸಂತ್ರಸ್ತರಿಂದ ಕೇಳಿಬಂತು. 70 ವರ್ಷಗಳ ಹಿಂದೆ ಹೀಲ್ಸ್‌ವಿಲ್‌ನಂಥ ಊರುಗಳಲ್ಲಿ ಒಬ್ಬ ನ್ಯಾಯಾಧೀಶರ ಮುಂದೆ ಬಂದಿದ್ದ ದೂರೂ ಹೆಚ್ಚುಕಡಿಮೆ ಇದೇ.

ಆಯೋಗದ ಅಂತಿಮ ವರದಿಗೂ ಮೊದಲೇ, 2009ರ ಸೆಪ್ಟೆಂಬರ್‌ನಲ್ಲಿ, ವಿಕ್ಟೋರಿಯ ಸರ್ಕಾರ ನಿಯಮ ಬದಲಿಸಿತು. ಕಾಡ್ಗಿಚ್ಚಿನ ಭೀತಿಯಿರುವ ಪ್ರದೇಶಗಳಲ್ಲಿ ಆ ವೇಳೆಗೆ ಇದ್ದ ಮನೆಗಳ ಮಾಲೀಕರು ಮನೆಯಿಂದ 10 ಮೀಟರ್ ಒಳಗಿನ ಮರಗಳನ್ನೂ, 30 ಮೀಟರ್ ಒಳಗಿನ ಮರವಲ್ಲದ ಪೊದೆ ಗಿಡಗಳನ್ನೂ ಪರವಾನಗಿ ಕೇಳದೆ ತೆಗೆಯಬಹುದಾಯಿತು. ಸ್ಟ್ರೆಟನ್ ತೀರಿಕೊಂಡು ಆಗ 42 ವರ್ಷಗಳಾಗಿದ್ದವು.