ಮೊಲದ ರಕ್ತದ ಗುಟ್ಟು ಹಿಡಿದ ಕಿಟಾಸಾಟೊ

ಬಯೋಟೆಕ್ ರಿಸರ್ಚ್ ಲ್ಯಾಬುಗಳ ಫ್ರಿಡ್ಜ್‌ನಲ್ಲಿ ರ‍್ಯಾಬಿಟ್ ಪಾಲಿಕ್ಲೋನಲ್ ಅಂತ ಬರೆದಿರುವ ಪುಟ್ಟ ಟ್ಯೂಬುಗಳು ಇರುತ್ತವೆ. ಜೀವಕೋಶಕ್ಕೆ ಆಕಾರ ಕೊಡೋದು ಆಕ್ಟಿನ್ ಎಳೆಗಳು. ಅವಕ್ಕೆ ಅಂಟಿಕೊಳ್ಳುವ ಕೋಫಿಲಿನ್‌ನಂಥ ಪ್ರೋಟೀನ್ ಎಲ್ಲಿದೆ ಅಂತ ಪತ್ತೆ ಮಾಡೋಕೆ ಇಂಥ ಟ್ಯೂಬು ಬೇಕು. ಆ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಹಲವು ಬಗೆಯ ಆಂಟಿಬಾಡಿಗಳು ಹುಟ್ಟುತ್ತವೆ, ಒಂದೊಂದು ಬಗೆ ಪ್ರೋಟೀನಿನ ಒಂದೊಂದು ಭಾಗವನ್ನು ಹಿಡಿಯುತ್ತೆ. ಅದಕ್ಕೇ ಪಾಲಿಕ್ಲೋನಲ್ ಅಂತ ಹೆಸರು.

ಮೊಲದ ರಕ್ತದ ಈ ಶಕ್ತಿಯನ್ನು ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬರು ಶಿಬಾಸಾಬುರೊ ಕಿಟಾಸಾಟೊ. 1853ರಲ್ಲಿ ಜಪಾನಿನ ಕುಮಾಮೊಟೊ ಸೀಮೆಯ ಒಗುನಿ ಅನ್ನೋ ಹಳ್ಳಿಯಲ್ಲಿ ಹುಟ್ಟಿದರು. 1883ರಲ್ಲಿ ಟೋಕಿಯೊದಲ್ಲಿ ವೈದ್ಯ ಪದವಿ ಪಡೆದರು. ಆಮೇಲೆ ಸರ್ಕಾರ ಅವರನ್ನು ಬರ್ಲಿನ್‌ಗೆ, ರಾಬರ್ಟ್ ಕಾಕ್ ಅವರ ಲ್ಯಾಬಿಗೆ ಕಳಿಸಿತು.

ಧನುರ್ವಾಯು ತರುವ ಬ್ಯಾಕ್ಟೀರಿಯಾವನ್ನು ಬೇರೆಯವುಗಳಿಂದ ಬಿಡಿಸಿ ಬೆಳೆಸೋದು ಆಗ ದೊಡ್ಡ ತಲೆನೋವು. ಅದರ ಬೀಜಕಣಗಳು ಬಿಸಿ ತಡೆಯುತ್ತವೆ ಅನ್ನೋದನ್ನು ಕಿಟಾಸಾಟೊ ಬಳಸಿಕೊಂಡರು. 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಬೇರೆ ಬ್ಯಾಕ್ಟೀರಿಯಾ ಸತ್ತವು. ಉಳಿದದ್ದನ್ನು ಆಮ್ಲಜನಕ ತಾಗದಂತೆ ಹೈಡ್ರೋಜನ್ ತುಂಬಿ ಬೆಳೆಸಿದರು. ಅದು 1889.

ಮರುವರ್ಷ ಎಮಿಲ್ ಬೆಹ್ರಿಂಗ್ ಜೊತೆ ಸೇರಿ ಮೊಲಗಳಿಗೆ ಧನುರ್ವಾಯು ತಡೆಯುವ ಶಕ್ತಿ ಬರುವಂತೆ ಮಾಡಿದರು. ಅಂಥ ಮೊಲದ ರಕ್ತವನ್ನು ಇಲಿಗಳಿಗೆ ಚುಚ್ಚಿ, ಆಮೇಲೆ ರೋಗ ತಗುಲಿಸಿದರು. ಆ ಇಲಿಗಳು ಬದುಕಿದವು, ರಕ್ತ ಸಿಗದ ಇಲಿಗಳು ಸತ್ತವು. ರಕ್ತಕಣ ತೆಗೆದ ಬರೀ ಸೀರಮ್‌ಗೂ ವಿಷವನ್ನು ಅಡಗಿಸುವ ಶಕ್ತಿ ಇತ್ತು. ಡಿಸೆಂಬರ್ 1890ರ ಆ ಪೇಪರ್ ಮೇಲೆ ಇಬ್ಬರ ಹೆಸರೂ ಇದೆ.

ಆದರೆ 1901ರಲ್ಲಿ ವೈದ್ಯಶಾಸ್ತ್ರಕ್ಕೆ ಮೊದಲ ನೊಬೆಲ್ ಕೊಟ್ಟಾಗ ಅದು ಬೆಹ್ರಿಂಗ್ ಒಬ್ಬರಿಗೇ ಹೋಯಿತು. ಸೀರಮ್ ಚಿಕಿತ್ಸೆಗೆ, ಅದರಲ್ಲೂ ಗಂಟಲಮಾರಿ ಅಂದರೆ ಡಿಫ್ತೀರಿಯಾ ಮೇಲಿನ ಕೆಲಸಕ್ಕೆ ಅಂತ ಕೊಟ್ಟರು. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ದುಡಿದೂ ಹೆಸರು ಬಿಟ್ಟುಹೋದವರಿಗೆ ಈ ನೋವು ಸ್ವಲ್ಪ ಅರ್ಥ ಆಗುತ್ತೆ.

ಕಿಟಾಸಾಟೊ ಕೆಲಸ ಮಾತ್ರ ನಿಲ್ಲಲಿಲ್ಲ. 1892ರಲ್ಲಿ ಊರಿಗೆ ಮರಳಿ, ಫುಕುಜಾವಾ ಯುಕಿಚಿ ಅವರ ನೆರವಿನಿಂದ ಸಾಂಕ್ರಾಮಿಕ ರೋಗಗಳ ಸಂಸ್ಥೆ ಕಟ್ಟಿದರು. 1894ರಲ್ಲಿ ಪ್ಲೇಗ್ ಹಬ್ಬಿದ ಹಾಂಗ್‌ಕಾಂಗ್‌ಗೂ ಹೋಗಿ ರೋಗಾಣು ಹುಡುಕಿದರು. 1914ರಲ್ಲಿ ಅವರನ್ನು ಕೇಳದೆಯೇ ಸರ್ಕಾರ ಸಂಸ್ಥೆಯನ್ನು ಬೇರೆ ಇಲಾಖೆಗೆ ವಹಿಸಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ಜೊತೆಗಿದ್ದ ಸಂಶೋಧಕರೂ ಅವರ ಹಿಂದೆಯೇ ಬಂದರು. ಸ್ವಂತ ದುಡ್ಡು ಹಾಕಿ ಕಿಟಾಸಾಟೊ ಸಂಸ್ಥೆ ಶುರು ಮಾಡಿದರು. ಅದು ಇವತ್ತಿಗೂ ಇದೆ.

1931ರಲ್ಲಿ ತೀರಿಕೊಂಡರು. 2024ರಿಂದ ಜಪಾನಿನ 1000 ಯೆನ್ ನೋಟಿನ ಮೇಲೆ ಅವರ ಮುಖ ಇದೆ. ಲ್ಯಾಬಿನ ಆ ಪುಟ್ಟ ಟ್ಯೂಬಿನ ಮೇಲೆ ಅವರ ಹೆಸರಿಲ್ಲ. ಆದರೆ ಅದನ್ನು ಕೈಗೆತ್ತಿಕೊಂಡಾಗ ಬರ್ಲಿನ್‌ನ ಆ ಮೊಲಗಳನ್ನೂ ಒಗುನಿಯ ಆ ಹುಡುಗನನ್ನೂ ಒಮ್ಮೆ ನೆನೆದರೆ ಸಾಕು.