ಪಂಡಿತ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದುದು

ಭಾದ್ರಪದ ಶುದ್ಧ ನವಮಿಯು ಮಾನವಿಯ ಶ್ರೀ ಜಗನ್ನಾಥದಾಸರಾಯರ ಆರಾಧನೆಯ ಪುಣ್ಯದಿನ. ಚೌತಿಯಂದು ನಮ್ಮ ಮನೆಮನೆಗಳಲ್ಲಿ ಹರಿಕಥಾಮೃತಸಾರದ ವಿಘ್ನೇಶ್ವರ ಸಂಧಿಯ ಪಾರಾಯಣ ನಡೆಯುತ್ತದೆ. ಅದಾಗಿ ಐದನೆಯ ದಿನಕ್ಕೆ ಆ ಗ್ರಂಥಕರ್ತರ ಆರಾಧನೆಯೇ ಪ್ರಾಪ್ತವಾಗುತ್ತದೆ. ಗ್ರಂಥವನ್ನು ಬಲ್ಲವರು ನಮ್ಮಲ್ಲಿ ಅನೇಕರು. ಆದರೆ ಅದನ್ನು ರಚಿಸಿದ ಮಹನೀಯರು ಮೊದಲು ಕನ್ನಡದಲ್ಲಿ ಹಾಡುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದರೆಂಬುದನ್ನೂ, ಒಂದು ವೃತ್ತಿಯಿಂದ ಮತ್ತೊಂದಕ್ಕೆ ಬರಲು ಅವರು ತೆತ್ತ ಬೆಲೆಯನ್ನೂ ನಾವು ಸಾಕಷ್ಟು ಚಿಂತಿಸುವುದಿಲ್ಲವೆಂದು ತೋರುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಆ ಭಾಗವನ್ನೇ ತುಸು ವಿಸ್ತಾರವಾಗಿ ನಿರೂಪಿಸುತ್ತೇವೆ.

ದಾಸರಾಯರು ಕೀಲಕ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. ೧೭೨೮ರಲ್ಲಿ, ರಾಯಚೂರು ಸೀಮೆಯ ಮಾನವಿಗೆ ಸಮೀಪದ ಬ್ಯಾಗವಟ ಗ್ರಾಮದಲ್ಲಿ ಜನಿಸಿದರು. ತಂದೆ ನರಸಿಂಹಾಚಾರ್ಯರು. ಮಗುವಿಗೆ ಇಟ್ಟ ಹೆಸರು ಶ್ರೀನಿವಾಸ. ಮಂತ್ರಾಲಯದ ಗುರುಪರಂಪರೆಯ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿದರೆಂದು ಸಂಪ್ರದಾಯವು ಹೇಳುತ್ತದೆ. ವ್ಯಾಕರಣ, ತರ್ಕ, ವೇದಾಂತಗಳಲ್ಲಿ ಅಸಾಧಾರಣ ಪ್ರೌಢಿಮೆಯನ್ನು ಪಡೆದು, ಎಳೆಯ ವಯಸ್ಸಿನಲ್ಲಿಯೇ ಶ್ರೀನಿವಾಸಾಚಾರ್ಯರೆಂದು ಖ್ಯಾತರಾದರು. ಶಿಷ್ಯರಿಗೆ ಪಾಠ, ವಿದ್ವತ್ಸಭೆಗಳಲ್ಲಿ ವಾಕ್ಯಾರ್ಥ, ಸಂಭಾವನೆ, ಗೌರವ ಇವೆಲ್ಲವೂ ಇದ್ದವು. ಬೇರೆ ಏನನ್ನಾದರೂ ಅರಸಬೇಕಾದ ಅವಶ್ಯಕತೆ ಅವರಿಗೆ ಕಾಣುವಂತೆಯೇ ಇರಲಿಲ್ಲ.

ಆ ಕಾಲದ ವಿದ್ವಾಂಸರ ಮನೋಭಾವವನ್ನು ಇಲ್ಲಿ ಸ್ವಲ್ಪ ಸ್ಮರಿಸಬೇಕು. ವ್ಯಾಸಕೂಟ, ದಾಸಕೂಟಗಳೆರಡೂ ಶ್ರೀಮದಾಚಾರ್ಯರ ಒಂದೇ ಸಿದ್ಧಾಂತವನ್ನು ಸಾರುವಂಥವು. ಶ್ರೀ ವ್ಯಾಸರಾಜರೇ ಗ್ರಂಥಗಳನ್ನೂ ಬರೆದರು, ದೇವರನಾಮಗಳನ್ನೂ ಹಾಡಿದರು. ಹಾಗಿದ್ದರೂ ಪಾಠಶಾಲೆಯ ಜಗಲಿಯ ಮೇಲೆ ಕುಳಿತವರಿಗೆ ಬೀದಿಯಲ್ಲಿ ತಂಬೂರಿ ಹಿಡಿದು ಹೋಗುವವರ ವಿಷಯದಲ್ಲಿ ಒಂದು ಬಗೆಯ ತಾತ್ಸಾರವಿದ್ದೇ ಇತ್ತು. ಸುಧಾಪಾಠವನ್ನು ಮಾಡಿದವನಿಗೆ ಆಡುಮಾತಿನ ಹಾಡಿನಿಂದ ತಿಳಿಯಬೇಕಾದುದು ಏನಿದೆಯೆಂಬ ಭಾವನೆ ಅದು. ಪಾಠಶಾಲೆಯ ಗಾಳಿಯನ್ನು ಕೆಲಕಾಲ ಸೇವಿಸಿದ ನಮಗೂ ಅದರ ಪರಿಚಯ ಉಂಟು. ಇಂದಿಗೂ ಅದು ಪೂರ್ತಿ ತೊಲಗಿದೆಯೆಂದು ಹೇಳಲಾರೆವು.

ಆಗ ಮಾನವಿಗೆ ಶ್ರೀ ವಿಜಯದಾಸರು ಶಿಷ್ಯಸಮೇತರಾಗಿ ಬಂದರು. ಸಮೀಪದ ಚೀಕಲಪರವಿಯವರು, ಕಡುಬಡತನದಲ್ಲಿ ಬೆಳೆದು, ಕಾಶಿಯಲ್ಲಿ ಪುರಂದರದಾಸರ ಸ್ವಪ್ನಾನುಗ್ರಹವನ್ನು ಪಡೆದು ಮರಳಿದವರು. ತಮ್ಮಲ್ಲಿ ನಡೆಯಲಿದ್ದ ಸಮಾರಾಧನೆಗೆ, ತೀರ್ಥಪ್ರಸಾದ ಸ್ವೀಕಾರಕ್ಕೆ ಬರಬೇಕೆಂದು ಅವರು ಆಚಾರ್ಯರನ್ನು ಆಹ್ವಾನಿಸಿದರು. ಭಜನೆ, ಪೂಜೆಗಳು ಮುಗಿದು ಎಲೆ ಹಾಕುವಷ್ಟರಲ್ಲಿ ಹೊತ್ತು ಮೀರುವುದು; ಅಷ್ಟು ತಡವಾಗಿ ಉಂಡರೆ ತಮಗೆ ಹೊಟ್ಟೆನೋವು ಬರುವುದೆಂದು ನೆಪ ಹೇಳಿ ಆಚಾರ್ಯರು ಮನೆಯಲ್ಲಿಯೇ ಭೋಜನ ಮುಗಿಸಿದರು. ಕಾರಣ ಹೊಟ್ಟೆಯದಲ್ಲ, ಮನಸ್ಸಿನದು. ವಿಜಯದಾಸರು ಏನೂ ಆಡದೆ ಮುಂದಕ್ಕೆ ಹೋದರು.

ಸುಳ್ಳಾಗಿ ಹೇಳಿದ ಆ ನೋವು ಕೆಲವೇ ದಿನಗಳಲ್ಲಿ ನಿಜವಾಗಿಯೇ ಬಂದಿತು. ಉದರಶೂಲೆಯು ದಿನೇ ದಿನೇ ಹೆಚ್ಚಿತು. ಅನ್ನ ಸೇರದಾಯಿತು, ದೇಹ ಕೃಶವಾಯಿತು. ಪಾಠ ನಿಂತಿತು. ವೈದ್ಯೋಪಚಾರ, ಜಪ, ಕ್ಷೇತ್ರಸೇವೆ ಯಾವುದೂ ಫಲಿಸಲಿಲ್ಲ. ಕೊನೆಗೆ ಮಂತ್ರಾಲಯದಲ್ಲಿ ರಾಯರ ಸನ್ನಿಧಿಯಲ್ಲಿ ಸೇವೆಗೆ ನಿಂತಾಗ, ಯಾರನ್ನು ಅವಮಾನಿಸಿದ್ದೆಯೋ ಅವರಲ್ಲಿಗೇ ಹೋಗೆಂದು ಸ್ವಪ್ನದಲ್ಲಿ ಅಪ್ಪಣೆಯಾಯಿತು. ರೋಗವನ್ನು ಶಾಪವೆಂದು ಹೇಳುವವರಿದ್ದಾರೆ. ವಿಜಯದಾಸರಂಥ ಕರುಣಾಳುಗಳು ಒಂದು ಊಟದ ಸಲುವಾಗಿ ಶಪಿಸಿದರೆಂದು ನಂಬಲು ನಮಗೆ ಮನಸ್ಸಾಗದು. ಹರಿದಾಸರನ್ನು ಹಗುರವಾಗಿ ಕಂಡುದರ ಫಲವು ತಾನಾಗಿಯೇ ಒದಗಿತೆಂದು ತಿಳಿಯುವುದೇ ಯುಕ್ತ.

ಆಚಾರ್ಯರು ಹೋಗಿ ವಿಜಯದಾಸರ ಪಾದಗಳಲ್ಲಿ ಬಿದ್ದರು. ಅವರಾದರೋ ತಾವೇ ಪರಿಹಾರ ಮಾಡಲಿಲ್ಲ. ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣನವರು. ಆಗ ಗದ್ವಾಲ ಸೀಮೆಯ ಉತ್ತನೂರಿನಲ್ಲಿದ್ದರು. ವಯಸ್ಸಿನಲ್ಲಿ ಆಚಾರ್ಯರಿಗಿಂತ ಕೆಲವೇ ವರ್ಷ ಹಿರಿಯರು. ವಾದಸಭೆಗಳಲ್ಲಿ ಹೆಸರಾದವರಲ್ಲ, ಭಕ್ತಿಯಲ್ಲಿ ಹೆಸರಾದವರು. ಮಹಾಪಂಡಿತನು ಗುರುವಿಗೆ ತಲೆಬಾಗುವುದು ಸುಲಭ. ತನ್ನ ಓರಗೆಯವನಿಗೆ, ತನ್ನಷ್ಟು ಓದದವನಿಗೆ ತಲೆಬಾಗುವುದು ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು. ವಿಜಯದಾಸರು ಹಾಗೆ ಕಳುಹಿಸಿದುದರಲ್ಲಿಯೇ ಅರ್ಧ ಚಿಕಿತ್ಸೆ ಇತ್ತೆಂದು ನಮ್ಮ ಅಭಿಪ್ರಾಯ.

ಗೋಪಾಲದಾಸರು ನೋಡಿದರು. ರೋಗವನ್ನು ಕಳೆಯಬಹುದು, ಆದರೆ ಈತನಿಗೆ ಆಯುಷ್ಯವೇ ಸಾಲದೆಂಬುದು ಅವರಿಗೆ ಗೋಚರಿಸಿತು. ಧನ್ವಂತರಿಯನ್ನು ಕುರಿತು ಕೃತಿಯೊಂದನ್ನು ರಚಿಸಿ ಪ್ರಾರ್ಥಿಸಿದರು. ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಪ್ರಸಾದವಾಗಿ ಕೊಟ್ಟರು. ಅನ್ನವೂ ಸೇರದ ಹೊಟ್ಟೆಗೆ ಜೋಳದ ರೊಟ್ಟಿ! ಅದು ಜೀರ್ಣವಾಯಿತು. ಅಷ್ಟಕ್ಕೇ ನಿಲ್ಲದೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ತೆಗೆದು ಶ್ರೀನಿವಾಸಾಚಾರ್ಯರಿಗೆ ಧಾರೆಯೆರೆದರೆಂದು ದಾಸಸಂಪ್ರದಾಯವು ಏಕಕಂಠದಿಂದ ಹೇಳುತ್ತದೆ.

ಕಾಲಗಣನೆಯನ್ನು ಗಮನಿಸಿದರೆ ಮನಸ್ಸು ತುಂಬಿಬರುತ್ತದೆ. ಗೋಪಾಲದಾಸರು ೧೭೬೨ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ ದೇಹವನ್ನು ಬಿಟ್ಟರು. ಜಗನ್ನಾಥದಾಸರು ಎಂಬತ್ತೊಂದು ವರ್ಷ ಬಾಳಿದರು. ದಾನವಾಗಿ ಬಂದ ನಲವತ್ತನ್ನು ಕಳೆದರೆ ಅವರ ಪಾಲಿಗೆ ಉಳಿಯುವುದು ನಲವತ್ತೊಂದು. ವಿಜಯದಾಸರು ವೈಕುಂಠವಾಸಿಗಳಾದುದು ೧೭೫೫ರಲ್ಲಿ. ಆದಕಾರಣ ಈ ಪ್ರಸಂಗ ನಡೆದಾಗ ಆಚಾರ್ಯರ ವಯಸ್ಸು ಇಪ್ಪತ್ತೇಳನ್ನು ಮೀರಿರಲಾರದು. ನಮ್ಮ ಎಣಿಕೆಗೆ ಅದು ತಾರುಣ್ಯ. ಅವರ ಸ್ವಂತ ಆಯುಷ್ಯದ ಲೆಕ್ಕದಲ್ಲಿಯಾದರೋ ಅರ್ಧ ದಾರಿ ಆಗಲೇ ಸವೆದಿತ್ತು.

ಗುಣ ಹೊಂದಿದ ಪಂಡಿತರು ಮನೆಗೆ ಹಿಂದಿರುಗಿ ಮೊದಲಿನಂತೆಯೇ ಪಾಠ ಹೇಳಿಕೊಂಡಿರಬಹುದಾಗಿತ್ತು; ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಗೋಪಾಲದಾಸರ ಆಜ್ಞೆಯಂತೆ ಪಂಢರಪುರಕ್ಕೆ ಹೋದರು. ಚಂದ್ರಭಾಗೆಯಲ್ಲಿ ಮುಳುಗಿ ಏಳುವಾಗ ಜಗನ್ನಾಥವಿಠಲನೆಂಬ ಅಂಕಿತವಿದ್ದ ಶಿಲೆಯೊಂದು ದೊರೆಯಿತು. ಅಂದಿನಿಂದ ಶ್ರೀನಿವಾಸಾಚಾರ್ಯರೆಂಬ ಹೆಸರು ಹಿಂದಾಯಿತು. ಕಾಲಿಗೆ ಗೆಜ್ಜೆ, ಕೈಗೆ ತಾಳ, ತಂಬೂರಿ ಬಂದವು. ಪಂಢರಪುರದಲ್ಲಿ ಗೆಜ್ಜೆ ಕಟ್ಟಿ ಕುಣಿಯುವುದು ದೊಡ್ಡದಲ್ಲ, ಅಲ್ಲಿ ಎಲ್ಲರೂ ಕುಣಿಯುವವರೇ. ತಮ್ಮನ್ನು ಆಚಾರ್ಯರೆಂದು ಬಲ್ಲ ಮಾನವಿಯ ಬೀದಿಯಲ್ಲಿ ಅದೇ ಗೆಜ್ಜೆಯನ್ನು ಕಟ್ಟಿ ಹೊರಡುವುದು ದೊಡ್ಡದು. ತಾವು ನಿನ್ನೆಯವರೆಗೆ ಯಾರನ್ನು ನೋಡಿ ನಗುತ್ತಿದ್ದರೋ ಅವರ ಸಾಲಿನಲ್ಲಿ, ಇಂದು ತಮ್ಮನ್ನು ನೋಡಿ ನಗುವವರ ಮುಂದೆ ನಿಂತು ಹಾಡಿದರು.

ಹಾಗಾದರೆ ಅದುವರೆಗೆ ಕಲಿತ ಶಾಸ್ತ್ರವೆಲ್ಲ ವ್ಯರ್ಥವಾಯಿತೇ? ಇದಕ್ಕೆ ಉತ್ತರ ಹರಿಕಥಾಮೃತಸಾರ. ಭಾಮಿನೀ ಷಟ್ಪದಿಯ ಮೂವತ್ತೆರಡು ಸಂಧಿಗಳು, ಮೇಲೆ ಫಲಸ್ತುತಿ. ಊರೂರಿನಲ್ಲಿ ಭಾರತವಾಚನ ಕೇಳಿ ಜನರ ಕಿವಿಗೆ ಒಗ್ಗಿದ್ದ ಛಂದಸ್ಸನ್ನೇ ಆರಿಸಿ, ಅದರಲ್ಲಿ ಬಿಂಬಪ್ರತಿಬಿಂಬಭಾವ, ತಾರತಮ್ಯ, ಜೀವರ ಅಸ್ವಾತಂತ್ರ್ಯ, ಭಗವದ್ರೂಪಗಳ ವ್ಯಾಪ್ತಿ ಮುಂತಾದ ಪ್ರಮೇಯಗಳನ್ನು ತುಂಬಿದರು. ಗ್ರಂಥವು ಸುಲಭವೆಂದು ನಾವು ಹೇಳುವುದಿಲ್ಲ. ಸುಲಭವಾಗಿದ್ದರೆ ಅದಕ್ಕೆ ಇಷ್ಟೊಂದು ವ್ಯಾಖ್ಯಾನಗಳು ಹುಟ್ಟುತ್ತಿರಲಿಲ್ಲ. ದಾಸರಾಯರು ಶಾಸ್ತ್ರವನ್ನು ತೆಳುವಾಗಿಸಲಿಲ್ಲ. ಪಾಠಶಾಲೆಯ ಬಾಗಿಲೊಳಗೆ ಕಾಲಿಡುವ ಅವಕಾಶವಿಲ್ಲದ ಹೆಂಗಸರೂ ಒಕ್ಕಲಿಗರೂ ಬಾಯಿಪಾಠ ಮಾಡಿ ಹಾಡುವಂತೆ ಅದನ್ನು ಅವರ ಕೈಗೆ ಕೊಟ್ಟರು. ಅರ್ಥ ನಿಧಾನವಾಗಿ ಹಿಂದಿನಿಂದ ಬರುತ್ತದೆ. ಮೂವತ್ತು ವರ್ಷ ಪಾರಾಯಣ ಮಾಡಿದ ವೃದ್ಧೆಯರು ಕೆಲವು ಕಡೆ ಉಪನ್ಯಾಸಕರನ್ನೇ ತಿದ್ದುವುದನ್ನು ನಾವು ಕಂಡಿದ್ದೇವೆ.

ಮೊದಲ ಮೂರು ಸಂಧಿಗಳಾದ ಮಂಗಳಾಚರಣ, ಕರುಣಾ, ವ್ಯಾಪ್ತಿಗಳ ನಂತರ ನಾಲ್ಕನೆಯದಾಗಿ ಬರುವುದು ಭೋಜನ ಸಂಧಿ. ಯಾವ ಆಹಾರದಲ್ಲಿ ಯಾವ ಭಗವದ್ರೂಪವನ್ನು ಚಿಂತಿಸಬೇಕು, ಉಣ್ಣುವುದು ಹೇಗೆ ಯಜ್ಞವಾಗುತ್ತದೆ ಎಂಬುದು ಅಲ್ಲಿಯ ವಿಷಯ. ಹರಿದಾಸರ ಪಂಕ್ತಿಯನ್ನು ತಪ್ಪಿಸಿಕೊಂಡು, ಉಣ್ಣಲಾರದೆ ನರಳಿ, ಕೊಟ್ಟ ರೊಟ್ಟಿಯಿಂದ ಬದುಕಿದವರ ಲೇಖನಿಯಿಂದ ಅದು ಬಂದಿದೆಯೆಂಬುದನ್ನು ನೆನೆದು ಓದಿದರೆ ಅದರ ರುಚಿಯೇ ಬೇರೆ. ಹಾಗೆಯೇ ಶ್ವಾಸ ಸಂಧಿ. ಜೀವನಲ್ಲಿ ದಿನವೊಂದಕ್ಕೆ ೨೧,೬೦೦ ಶ್ವಾಸಗಳು ನಡೆಯುತ್ತವೆ, ಅವೆಲ್ಲವೂ ಮುಖ್ಯಪ್ರಾಣರ ಹಂಸಜಪವೆಂಬುದು ಅಲ್ಲಿಯ ಪ್ರಮೇಯ. ಆ ಲೆಕ್ಕದಲ್ಲಿ ನಲವತ್ತು ವರ್ಷಗಳಿಗೆ ಮೂವತ್ತೊಂದೂವರೆ ಕೋಟಿ ಶ್ವಾಸಗಳಾಗುತ್ತವೆ. ಅಷ್ಟನ್ನೂ ಮತ್ತೊಬ್ಬರಿಂದ ಪಡೆದವರಿಗೆ ಒಂದೊಂದರ ಎಣಿಕೆಯೂ ತಿಳಿದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕೀರ್ತನೆಗಳು, ತತ್ತ್ವಸುವ್ವಾಲಿ ಮುಂತಾದ ಇತರ ಕೃತಿಗಳ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮಾನವಿಯ ಮನೆಯಲ್ಲಿ ಕಂಬವೊಂದಕ್ಕೆ ಒರಗಿ ಕುಳಿತು ಅವರು ಬೋಧಿಸುತ್ತಿದ್ದರು. ಆ ಕಂಬಕ್ಕೆ ಇಂದಿಗೂ ಪೂಜೆ ಸಲ್ಲುತ್ತದೆ. ಶಿಷ್ಯರು ಅಲ್ಲಿಗೇ ಬಂದರು. ಲಿಂಗಸುಗೂರಿನ ಪ್ರಾಣೇಶದಾಸರು ಬಂದರು. ಲೌಕಿಕದಲ್ಲಿ ಮುಳುಗಿದ್ದ ಕರ್ಜಗಿಯ ದಾಸಪ್ಪನವರು ಬಂದು ಶ್ರೀದವಿಠಲರಾದರು. ದಾರಿ ಬದಲಿಸಿ ಬಂದವರನ್ನು ದಾಸರಾಯರು ಅವರ ಪೂರ್ವವೃತ್ತಾಂತ ಕೇಳಿ ದೂರ ಇಡಲಿಲ್ಲ. ಹರಿಕಥಾಮೃತಸಾರದ ಫಲಸ್ತುತಿ ಸಂಧಿಯು ಈ ಶ್ರೀದವಿಠಲರದೇ ರಚನೆ.

ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು, ೧೮೦೯ರಲ್ಲಿ, ದಾಸರಾಯರು ಮಾನವಿಯಲ್ಲಿಯೇ ಹರಿಪದವನ್ನು ಸೇರಿದರು. ನಮ್ಮ ದೇವಸ್ಥಾನದಲ್ಲಿ ಆರಾಧನೆಯ ದಿನ ಪ್ರಾತಃಕಾಲ ಹರಿಕಥಾಮೃತಸಾರ ಪಾರಾಯಣವೂ, ಮಧ್ಯಾಹ್ನ ತೀರ್ಥಪ್ರಸಾದವೂ ಇರುತ್ತವೆ. ಎಲೆ ಹಾಕುವ ಮುನ್ನ ಮಹಿಳಾ ಭಜನಾಮಂಡಳಿಯವರು ಭೋಜನ ಸಂಧಿಯನ್ನು ಪೂರ್ಣವಾಗಿ ಹೇಳುವರು. ಹೊತ್ತು ತುಸು ಮೀರಬಹುದು. ಭಕ್ತಾದಿಗಳು ಮನೆಯಲ್ಲಿ ಊಟ ಮುಗಿಸದೆ ಬರಬೇಕಾಗಿ ವಿನಂತಿ.