ಪಕ್ಷಿಬಂಧು ಸಲೀಂ ಅಲಿ

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1896ರಲ್ಲಿ ನಮ್ಮ ಈ ಮುಂಬಯಿಯಲ್ಲಿಯೇ ಜನಿಸಿದರು. ಬಾಲ್ಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಒಮ್ಮೆ ಗಾಳಿಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದುರುಳಿಸಿದರು. ನೋಡಿದರೆ, ಕೊರಳಿನಲ್ಲಿ ಹಳದಿ ಮಚ್ಚೆ! ಅದಾವ ಹಕ್ಕಿಯೆಂದು ಅರಿಯಲು ಅಳುಕುತ್ತ ನಿಸರ್ಗೇತಿಹಾಸ ಸಂಘದ ಮೆಟ್ಟಿಲೇರಿದ ಬಾಲಕನಿಗೆ ಕಾರ್ಯದರ್ಶಿ ಮಿಲ್ಲಾರ್ಡರು ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಮುಂದೆ ಹಕ್ಕಿಗಳೇ ಅವರ ಬಾಳಾದವು.

ರಾಷ್ಟ್ರಪಕ್ಷಿಯನ್ನು ಆರಿಸುವ ಕಾಲದಲ್ಲಿ ಅವರು ಸೂಚಿಸಿದ್ದು ಎರೆಭೂತವನ್ನು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಈ ದೊಡ್ಡ ಹಕ್ಕಿಯು ಕನ್ನಡನಾಡಿನ ಬಯಲುಗಳಲ್ಲಿಯೂ ಇದ್ದಿತು; ಬೇಟೆಯಿಂದಲೂ ಹುಲ್ಲುಗಾವಲುಗಳ ಉಳುಮೆಯಿಂದಲೂ ಕ್ಷೀಣಿಸುತ್ತಿತ್ತು. ಆ ಗೌರವವು ಅದರ ರಕ್ಷಣೆಗೆ ನೆರವಾದೀತೆಂಬುದು ಅವರ ಆಶಯ. 1963ರಲ್ಲಿ ನವಿಲು ಆಯ್ಕೆಯಾಯಿತು. ಚೆಲುವಿಗೆ ಮನಸೋಲುವುದು ನಮಗೆಲ್ಲ ಸಹಜವಷ್ಟೆ. ಅವರು 1987ರಲ್ಲಿ ತೀರಿಕೊಂಡರು. ಈಗ ಎರೆಭೂತಗಳು ಇನ್ನೂರೂ ಉಳಿದಿಲ್ಲ. ಬಹುಪಾಲು ರಾಜಸ್ಥಾನದ ಮರಳುಸೀಮೆಯಲ್ಲಿವೆ, ಅಲ್ಲಿಯೂ ವಿದ್ಯುತ್ತಂತಿಗಳಿಗೆ ತಾಗಿ ಸಾಯುತ್ತಿವೆ.